ಕೆಂಪು ಚುಕ್ಕೆ ನಿಲ್ಲುವ ಜಾಗ

ಜೂನ್ 9

ಮುಖ ಹೇಗಿದೆ ಅಂತ ದಿನಾ ಬರೆದಿಡಿ ಎಂದರು ನರಗಳ ಡಾಕ್ಟರು. ಮುಖದ ಬಗ್ಗೆ ದಿನಾ ಬರೆಯಲು ನಾನೇನು ಸಿನಿಮಾ ನಟಿಯೇ? ಐವತ್ತಮೂರು ವರ್ಷದ ಗಾಜಿನ ಕೆಲಸದವಳು. ಆದರೂ ವರ್ಕ್‌ಶಾಪಿನ ಆರ್ಡರ್ ಪುಸ್ತಕದ ಹಿಂದೆ ಖಾಲಿ ಹಾಳೆಗಳಿವೆ, ಬರೆಯುತ್ತೇನೆ. ಯಾರೂ ಓದುವ ಹಾಗಿಲ್ಲ, ನಮ್ಮನೆಯವರಂತೂ ಓದಲೇಬಾರದು.

ಹನ್ನೆರಡು ದಿನದ ಹಿಂದೆ ಬೆಳಿಗ್ಗೆ ಬಾಯಿ ಮುಕ್ಕಳಿಸಿದರೆ ನೀರು ಬಲಗಡೆಯಿಂದ ಸೋರಿ ಬಟ್ಟೆ ಒದ್ದೆಯಾಯಿತು. ಕನ್ನಡಿ ನೋಡಿದೆ. ಅರ್ಧ ಮುಖ ನನ್ನದು, ಇನ್ನರ್ಧ ಯಾರದೋ. ಬಲಗಣ್ಣು ಮುಚ್ಚುತ್ತಿಲ್ಲ, ಹುಬ್ಬು ಏಳುತ್ತಿಲ್ಲ, ತುಟಿಯ ಮೂಲೆ ಜೋತುಬಿದ್ದಿದೆ. ನಮ್ಮನೆಯವರು ಲಿಫ್ಟ್ ರಿಪೇರಿ ಮಾಡುವವರು, ಪ್ರಪಂಚವೆಲ್ಲ ಅವರಿಗೆ ಲಿಫ್ಟೇ. "ಒಂದು ಕಡೆ ಕೇಬಲ್ ಸಡಿಲ ಆಗಿದೆ ಕಣೇ, ಬಿಗಿ ಮಾಡಿದ್ರೆ ಸರಿಹೋಗುತ್ತೆ" ಎಂದರು. ಹೇಳುತ್ತಲೇ ಟೀ ಲೋಟ ಅಲ್ಲೇ ಇಟ್ಟು ಆಟೋ ಕರೆಯಲು ಓಡಿದರು.

ಮುಖದ ನರ ಊದಿಕೊಂಡಿದೆಯಂತೆ. ತುಂಬ ಜನಕ್ಕೆ ಬರುತ್ತದಂತೆ, ಹೋಗುತ್ತದಂತೆ. ಸ್ಟೀರಾಯ್ಡ್ ಮಾತ್ರೆ ಕೊಟ್ಟಿದ್ದಾರೆ.

ಹೋಗಲೇಬೇಕು. ಕಾಲೇಜಿನ ಕೆಮಿಸ್ಟ್ರಿ ಮೇಡಂ ಆವಿ ತಣಿಸುವ ದೊಡ್ಡ ಕಂಡೆನ್ಸರ್ ಕೇಳಿದ್ದಾರೆ: ಗಾಜಿನ ಕೊಳವೆಯೊಳಗೆ ಇನ್ನೊಂದು ಕೊಳವೆ, ಅದರೊಳಗೆ ಗಾಜಿನದೇ ಸುರುಳಿ, ಮೇಲೆ ಚೆಂಡಿನ ಹಾಗೆ ಉಬ್ಬಿದ ಗಾಜಿನ ಬುರುಡೆ. ಅಂಥದ್ದನ್ನು ಇಲ್ಲಿ ಮಾಡುವವಳು ನಾನೊಬ್ಬಳೇ. ನನ್ನ ಬರ್ನರನ್ನು ಇನ್ನೊಬ್ಬರು ಮುಟ್ಟಲು ಬಿಟ್ಟವಳೂ ಅಲ್ಲ. ಈ ಕೆಲಸಕ್ಕೆ ಕೈ ಎಷ್ಟು ಬೇಕೋ ತುಟಿಯೂ ಅಷ್ಟೇ ಬೇಕು. ಗಾಜಿನ ಕೊಳವೆಗೆ ಸಿಕ್ಕಿಸಿದ ರಬ್ಬರ್ ನಳಿಗೆಯ ತುದಿಯನ್ನು ತುಟಿಯಲ್ಲಿ ಬಿಗಿಹಿಡಿದು ಊದಬೇಕು, ಒಂದೆಳೆ ಗಾಳಿಯೂ ಸೋರಬಾರದು. ಊದಲಾಗದಿದ್ದರೆ ನಾನು ವರ್ಕ್‌ಶಾಪಿನಲ್ಲಿ ಕಸ ಗುಡಿಸಲಿಕ್ಕೇ ಸರಿ.

ಜೂನ್ 18

ಮಾತ್ರೆ ಕೈಹಿಡಿಯಿತು! ಕಣ್ಣು ಮುಚ್ಚುತ್ತಿದೆ. ತುಟಿ ಮುಕ್ಕಾಲು ಪಾಲು ವಾಪಸ್ ಬಂದಿದೆ. ಎಂಟು ಬುರುಡೆ ಊದಿದೆ, ಎಂಟೂ ಅಪ್ಪನ ಪರೀಕ್ಷೆಯಲ್ಲಿ ಪಾಸು.

ಅಪ್ಪ ಇದೇ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಇದ್ದವನು. ನನಗೂ ತಮ್ಮನಿಗೂ ಕೆಲಸ ಕಲಿಸಿದ್ದು ಅವನೇ. ಕೊಳವೆಯ ನಡುವೆ ಬುರುಡೆ ಊದಿಸುತ್ತಿದ್ದ. ಆರಿದ ಮೇಲೆ ಕೆಂಪು ಮೇಣದ ಪೆನ್ಸಿಲಿನಿಂದ ಅದಕ್ಕೊಂದು ಚುಕ್ಕೆ ಇಟ್ಟು, ಕೊಳವೆಯ ಎರಡು ತುದಿಗಳನ್ನು ಎರಡು ಕಂಬಿಗಳ ಮೇಲೆ ಕೂರಿಸಿ ಬೆರಳಿನಿಂದ ತಿರುಗಿಸುತ್ತಿದ್ದ. ಗಾಜು ಎಲ್ಲ ಕಡೆ ಒಂದೇ ದಪ್ಪ ಇದ್ದರೆ ಚುಕ್ಕೆ ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ನಿಲ್ಲುತ್ತದೆ. ಒಂದು ಕಡೆ ದಪ್ಪವಾಗಿದ್ದರೆ ಆ ಕಡೆಯೇ ಕೆಳಗೆ ಬಂದು ಚುಕ್ಕೆ ಒಂದೇ ಜಾಗಕ್ಕೆ ಮರಳುತ್ತದೆ. ಪಾಸಾದರೆ ಅಪ್ಪ ಒಂದೇ ಮಾತು ಹೇಳುತ್ತಿದ್ದ: "ಸರಿ. ಇನ್ನೊಂದು ಮಾಡು." ಫೇಲಾದರೆ ಅದೂ ಇಲ್ಲ, ಸುಮ್ಮನೆ ಒಡಕಿನ ಡಬ್ಬಿಗೆ ಹಾಕುತ್ತಿದ್ದ. ನನಗೆ ಆ ಮಾತು ನೂರಾರು ಸಲ ಸಿಕ್ಕಿದೆ. ತಮ್ಮನಿಗೆ ಒಂದು ಸಲವೂ ಸಿಗಲಿಲ್ಲ. ಅವನು ಕೆಲಸ ಬಿಟ್ಟು ನಲ್ಲಿ ಮಾರುವ ಅಂಗಡಿ ಇಟ್ಟ, ಒಳ್ಳೆಯದೇ ಆಯಿತು.

ಜುಲೈ 6

ಮಾತ್ರೆ ನಿಲ್ಲಿಸಿ ಹತ್ತು ದಿನ. ಬಲಗಡೆ ಮತ್ತೆ ಸ್ವಲ್ಪ ಸಡಿಲ. ಆಯಾಸ ಇರಬೇಕು. ನಳಿಗೆಯನ್ನು ಎಡಮೂಲೆಗೆ ಸರಿಸಿಕೊಂಡಿದ್ದೇನೆ. ನಾಲಿಗೆಯನ್ನು ಬಲತುಟಿಯ ಹಿಂದೆ ಒತ್ತಿ ಹಿಡಿದರೆ ಗಾಳಿ ನಿಲ್ಲುತ್ತದೆ. ಯಾರಿಗೂ ಗೊತ್ತಾಗಿಲ್ಲ.

ಜುಲೈ 11

ಡಾಕ್ಟರು ಪರೀಕ್ಷೆ ಮಾಡಿದರು. ಹುಬ್ಬು ಏರಿಸಿ ಎಂದರು, ಒಂದಿಷ್ಟು ಏರಿತು. ಕಣ್ಣು ಬಿಗಿಯಾಗಿ ಮುಚ್ಚಿ ಎಂದರು, ಮುಚ್ಚಿತು ಅಂತಿಟ್ಟುಕೊಳ್ಳೋಣ. "ಕೆನ್ನೆ ಉಬ್ಬಿಸಿ ಗಾಳಿ ಹಿಡ್ಕೊಳ್ಳಿ" ಎಂದು ಬೆರಳಿನಿಂದ ಎರಡೂ ಕೆನ್ನೆ ಒತ್ತಿದರು. ನಾಲಿಗೆ ಒತ್ತಿ ಹಿಡಿದೆ. ಒಂದೆಳೆಯೂ ಸೋರಲಿಲ್ಲ.

"ಭೇಷ್! ನರ ಚೇತರಿಸ್ಕೊಳ್ತಿದೆ. ಮೂರು ತಿಂಗಳು ಬಿಟ್ಟು ಬನ್ನಿ" ಎಂದರು.

ನಲವತ್ತು ವರ್ಷ ಊದಿದವಳ ಬಾಯಿಯನ್ನು ಬೆರಳಲ್ಲಿ ಅಳೆಯಲು ಬಂದಿದ್ದರು ಪಾಪ. ದಾರಿಯುದ್ದಕ್ಕೂ ಒಳಗೊಳಗೇ ನಕ್ಕೆ. ನಮ್ಮನೆಯವರಿಗೆ ಗುಟ್ಟು ಹೇಳಲಿಲ್ಲ.

ಜುಲೈ 30

ಈ ತಿಂಗಳು ಊದಿದ ಬುರುಡೆಗಳಿಗೆಲ್ಲ ತಾರೀಖು ಬರೆದು ಸಾಲಾಗಿ ಇಟ್ಟಿದ್ದೆ. ಇವತ್ತು ಒಂದೊಂದಾಗಿ ಕಂಬಿಯ ಮೇಲೆ ಕೂರಿಸಿದೆ.

ಜುಲೈ 3: ಚುಕ್ಕೆ ಎಲ್ಲೆಂದರಲ್ಲಿ ನಿಂತಿತು. ಜುಲೈ 12: ಆರರಲ್ಲಿ ನಾಲ್ಕು ಸಲ ಒಂದೇ ಕಡೆ. ಜುಲೈ 21: ಆರಕ್ಕೆ ಆರೂ ಒಂದೇ ಕಡೆ. ನಿನ್ನೆಯದಂತೂ ತಿರುಗಿಸುವ ಮೊದಲೇ ಹೊರಳಿ ಕೂತಿತು. ಗಾಳಿ ಮಧ್ಯದಲ್ಲಿ ಸೋರುತ್ತದೆ, ಸೋರಿದಾಗ ತಿರುಗಿಸುವ ಕೈ ತಡವರಿಸುತ್ತದೆ, ಕರಗಿದ ಗಾಜು ಒಂದು ಕಡೆಗೆ ಇಳಿಯುತ್ತದೆ. ನಾಲಿಗೆಯ ಆಟ ಡಾಕ್ಟರ ಹತ್ತಿರ ನಡೆಯಿತು, ಗಾಜಿನ ಹತ್ತಿರ ನಡೆಯಲಿಲ್ಲ.

ಚೇತರಿಸಿಕೊಳ್ಳುವ ನರ ದಿನದಿಂದ ದಿನಕ್ಕೆ ಹೀಗೆ ಹಿಂದೆ ಹೋಗುವುದಿಲ್ಲ.

ಆಗಸ್ಟ್ 4

ಐದು ಬುರುಡೆಗಳನ್ನು ಟವೆಲಿನಲ್ಲಿ ಸುತ್ತಿಕೊಂಡು ಡಾಕ್ಟರ ಹತ್ತಿರ ಹೋದೆ. ಮೇಜಿನ ಮೇಲೆ ಎರಡು ದಪ್ಪ ಪುಸ್ತಕ ಇಟ್ಟು, ಅದರ ಮೇಲೆ ಬುರುಡೆ ಕೂರಿಸಿ ತಿರುಗಿಸಿ ತೋರಿಸಿದೆ. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು, ಡಾಕ್ಟರಿಗೆ ಸಿಟ್ಟು ಬಂದದ್ದು ಕಂಡಿತು. ಆಮೇಲೆ ತಪ್ಪೊಪ್ಪಿಕೊಂಡೆ.

"ಆವತ್ತು ಗಾಳಿ ಹಿಡಿದದ್ದು ತುಟಿ ಅಲ್ಲ ಡಾಕ್ಟ್ರೇ, ನಾಲಿಗೆ. ನಿಮಗೆ ಮೋಸ ಮಾಡಿದೆ."

"ಯಾಕಮ್ಮಾ?"

"ಕೆಲಸ ಹೋಗಿಬಿಡುತ್ತೆ ಅಂತ" ಎಂದೆ.

ಅವರು ಬಯ್ಯಲಿಲ್ಲ. ಜುಲೈ 29ರ ಬುರುಡೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಸ್ಟೀರಾಯ್ಡ್‌ಗೆ ಸರಿಹೋಗಿ, ಬಿಟ್ಟ ಕೂಡಲೇ ಹೆಚ್ಚಾಗಿದೆ. ಇದು ನಾನು ಅಂದ್ಕೊಂಡ ಕಾಯಿಲೆ ಅಲ್ಲ" ಎಂದು ಸ್ಕ್ಯಾನಿಗೆ ಬರೆದರು. ಆ ಬುರುಡೆಯನ್ನು ಕೇಳಿ ಇಟ್ಟುಕೊಂಡರು.

ಆಗಸ್ಟ್ 13

ಸ್ಕ್ಯಾನ್ ಬಂತು. ಬಲಕಿವಿಯ ಒಳಗೆ, ಮೂಳೆಯ ಸಂದಿನಲ್ಲಿ, ನೂಲಿನಷ್ಟಿರಬೇಕಾದ ಮುಖದ ನರ ಹಗ್ಗದ ಹಾಗೆ ದಪ್ಪವಾಗಿದೆ. ಲಿಂಫೋಮಾ ಇರಬಹುದಂತೆ. ರಕ್ತದ ಬಿಳಿಕಣಗಳಿಂದ ಹುಟ್ಟುವ ಕ್ಯಾನ್ಸರ್. ಅದು ಹೀಗೆ ಒಂದು ನರವನ್ನಷ್ಟೇ ಹಿಡಿದು ಕೂರುವುದು ಬಹಳ ಅಪರೂಪ, ಡಾಕ್ಟರಾಗಿ ತಮ್ಮ ಇಪ್ಪತ್ತೆರಡು ವರ್ಷದಲ್ಲಿ ಇದೇ ಮೊದಲು ಎಂದರು. ದೇಹದ ಬೇರೆಲ್ಲೂ ಇಲ್ಲ. ಸ್ಟೀರಾಯ್ಡ್ ಅದನ್ನು ಕುಗ್ಗಿಸಿ ಬಚ್ಚಿಡುತ್ತದಂತೆ. ಜೂನಿನಲ್ಲಿ ನಾನು ಕುಣಿದಾಡಿದ್ದು ಅದಕ್ಕೇ.

ನಮ್ಮನೆಯವರು ಬಸ್ಸಿನಲ್ಲಿ ನನ್ನ ಕೈ ಹಿಡಿದುಕೊಂಡರು. ಮದುವೆಯಾಗಿ ಇಪ್ಪತ್ತೇಳು ವರ್ಷದಲ್ಲಿ ಬಸ್ಸಿನಲ್ಲಿ ಹಿಡಿದದ್ದು ಇದೇ ಮೊದಲು. ಇದೂ ಅಪರೂಪದ ಕೇಸೇ.

ಆಗಸ್ಟ್ 21

ಬೆನ್ನುಹುರಿಯಿಂದ ನೀರು ತೆಗೆದು ಪರೀಕ್ಷೆ ಮಾಡಿದರು. ಕ್ಯಾನ್ಸರ್ ಕಣ ಸಿಗಲಿಲ್ಲ. ಕಣ ಕಣ್ಣಿಗೆ ಬೀಳದೆ ಔಷಧಿ ಶುರುಮಾಡುವ ಹಾಗಿಲ್ಲ. ಇನ್ನುಳಿದ ದಾರಿ, ಕಿವಿಯ ಹಿಂದೆ ಕೊಯ್ದು ನರದಿಂದಲೇ ಒಂದು ಚೂರು ತೆಗೆಯುವುದು.

"ಹಾಗೆ ತೆಗೆದರೆ ತುಟಿ?" ಎಂದು ಕೇಳಿದೆ.

"ವಾಪಸ್ ಬರದೇ ಇರಬಹುದು."

"ನೀರನ್ನ ಇನ್ನೊಂದು ಸಲ ತೆಗೀಬಹುದಾ?"

"ತೆಗೀಬಹುದು. ಆದರೆ ಒಂದು ವಾರ, ಅದಕ್ಕಿಂತ ಜಾಸ್ತಿ ಕಾಯೋಕಾಗಲ್ಲ."

ನಮ್ಮನೆಯವರು ಹೊರಗೆ ಬಂದು ಕೂಗಾಡಿದರು. "ಜೀವ ಮೊದಲಾ, ತುಟಿ ಮೊದಲಾ? ನಿನಗೆ ತಲೆ ಕೆಟ್ಟಿದೆಯಾ?" ನಾನೂ ಅರ್ಧ ಬಾಯಲ್ಲೇ ಕೂಗಾಡಿದೆ. ಆಮೇಲೆ ಇಬ್ಬರೂ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಒಂದೇ ಲೋಟದಲ್ಲಿ ಟೀ ಕುಡಿದೆವು. ಒಂದು ವಾರ ಎಂದು ಒಪ್ಪಿಕೊಂಡರು.

ಆಗಸ್ಟ್ 29

ಸಿಕ್ಕಿತು! ಎರಡನೇ ಸಲ ತೆಗೆದ ನೀರಿನಲ್ಲಿ ಕಣ ಸಿಕ್ಕಿತು. ಕೊಯ್ಯುವುದು ಬೇಡ. ಕ್ಯಾನ್ಸರ್ ಖಾತ್ರಿಯಾಯಿತೆಂದು ಗಂಡ ಹೆಂಡತಿ ತಬ್ಬಿಕೊಂಡು ನಕ್ಕದ್ದನ್ನು ನೋಡಿ ಪಕ್ಕದ ಬೆಂಚಿನವರು ಎದ್ದು ಬೇರೆ ಕಡೆ ಕೂತರು.

ಸೆಪ್ಟೆಂಬರ್ 5

ವಾರ್ಡು. ಔಷಧಿ ಅಪ್ಪಟ ಹಳದಿ. ಕೆಟ್ಟ ಕಣಗಳ ಜೊತೆ ಒಳ್ಳೆಯದನ್ನೂ ಕೊಲ್ಲುತ್ತದಂತೆ. ಅದಕ್ಕೇ ಮಾರನೇ ದಿನದಿಂದ ಒಳ್ಳೆಯದನ್ನು ಬದುಕಿಸುವ ಮಾತ್ರೆ. ರಕ್ತದಲ್ಲಿ ಔಷಧಿಯ ಮಟ್ಟ ಇಳಿಯುವ ತನಕ ಮನೆಗೆ ಬಿಡರು. ಬಾಟಲಿಗಟ್ಟಲೆ ಸಲೈನ್ ಏರಿಸುತ್ತಾರೆ, ಹೊರಗೆ ಹೋದದ್ದನ್ನೆಲ್ಲ ಜಗ್ಗಿನಲ್ಲಿ ಅಳೆಯುತ್ತಾರೆ. ಹೀಗೆ ಎರಡು ವಾರಕ್ಕೊಂದು ಸಲ, ಒಟ್ಟು ಆರು. ಜೊತೆಗೆ ಇನ್ನೊಂದು ಇಂಜೆಕ್ಷನ್.

ಇಲ್ಲಿನ ನರ್ಸಮ್ಮ ಜಗ್ಗನ್ನು ಸೊಂಟದ ಹತ್ತಿರ ಹಿಡಿದು ಮೇಲಿನಿಂದ ಇಣುಕಿ ಅಳತೆ ಬರೆದುಕೊಂಡಳು. ನನಗೆ ತಡೆಯಲಾಗಲಿಲ್ಲ.

"ಹಾಗಲ್ಲಮ್ಮ. ಕಣ್ಣಿನ ಮಟ್ಟಕ್ಕೆ ಹಿಡಿ. ನೀರಿನ ಅಂಚು ಬಾಗಿರುತ್ತೆ ನೋಡು, ಅದರ ತಳ ಓದಬೇಕು."

"ಆಂಟೀ, ಇದು ಮೂತ್ರ. ನಿಮ್ಮ ಕೆಮಿಸ್ಟ್ರಿ ಲ್ಯಾಬ್ ಅಲ್ಲ."

"ಯಾವುದಾದರೇನು, ಅಳತೆ ಅಳತೆಯೇ."

ಸಂಜೆ ಅವಳು ಜಗ್ಗನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, "ಸಮಾಧಾನ ಆಯ್ತಾ?" ಎಂದಳು. ಆಯಿತು ಎಂದೆ.

ಸೆಪ್ಟೆಂಬರ್ 10

ಮನೆಗೆ ಬಂದರೆ ಸುದ್ದಿ. ಕೆಮಿಸ್ಟ್ರಿ ಮೇಡಂ ಕಂಡೆನ್ಸರಿಗೆ ಕಾಯಲಾರದೆ ಅತ್ತಿತ್ತ ವಿಚಾರಿಸಿದ್ದಾರೆ. ನಮ್ಮನೆಯವರು ತಮ್ಮನ ಹೆಸರು ಹೇಳಿದ್ದಾರೆ! ಅವನು ಮಧ್ಯಾಹ್ನ ಅಂಗಡಿ ಮುಚ್ಚಿ ನನ್ನ ಬೆಂಚಿಗೆ ಹೋಗಿ ಕೂತಿದ್ದಾನೆ. ನನ್ನ ಬರ್ನರ್. ನನ್ನ ಪೆನ್ಸಿಲ್.

"ಮೂವತ್ತು ವರ್ಷ ಗಾಜು ಮುಟ್ಟಿಲ್ಲ ನೀನು! ನಿನ್ನ ಬುರುಡೆ ಯಾವತ್ತೂ ಒಂದೇ ಕಡೆ ವಾಲೋದು!" ಎಂದು ತಮ್ಮನ ಮೇಲೆ ಫೋನಿನಲ್ಲೇ ಹಾರಾಡಿದೆ. ಆ ಕಡೆಯಿಂದ ಅವನು ಮೆತ್ತಗೆ, "ಹೌದು ಅಕ್ಕಾ. ಅದಕ್ಕೇ ನೀನು ನೋಡಿ ಹೇಳು ಅಂತ" ಎಂದ. ಹಾಗಾದರೆ ಊದಿದ್ದನ್ನು ವಾರ್ಡಿಗೇ ತಗೊಂಡು ಬಾ ಎಂದು ಫೋನಿಟ್ಟೆ.

ಸೆಪ್ಟೆಂಬರ್ 20

ಎರಡನೇ ಸುತ್ತು. ತಮ್ಮ ತಾನು ಊದಿದ ಬುರುಡೆಯನ್ನು ಊಟದ ಡಬ್ಬಿಯಲ್ಲಿ ಹತ್ತಿ ಸುತ್ತಿ ತಂದ. ನರ್ಸಮ್ಮ ಅದನ್ನು ಸ್ಪಿರಿಟ್ಟಿನಲ್ಲಿ ಒರೆಸಿಯೇ ಒಳಗೆ ಬಿಟ್ಟಳು. ಮಂಚದ ಊಟದ ಮೇಜಿನ ಮೇಲೆ ಒಂದೇ ಎತ್ತರದ ಎರಡು ಡಬ್ಬಿ ಇಟ್ಟೆವು. ನಮ್ಮನೆಯವರು ಚೀಲದಿಂದ ರಸಮಟ್ಟ ತೆಗೆದು, ಅದರ ಗುಳ್ಳೆ ನಡುವಿಗೆ ಬರುವ ತನಕ ಮೇಜಿನ ಕಾಲಿಗೆ ಕಾಗದ ಮಡಿಸಿಟ್ಟರು. ಲಿಫ್ಟಿನವರು ಒಂದು ಸಲವಾದರೂ ಉಪಯೋಗಕ್ಕೆ ಬಂದರು.

ಚುಕ್ಕೆ ಐದು ಸಲವೂ ಒಂದೇ ಕಡೆ. ಪಕ್ಕದ ಮಂಚದವರೂ ಕತ್ತು ಚಾಚಿ ನೋಡುತ್ತಿದ್ದರು.

"ಉರಿಯಿಂದ ತೆಗೆದ ಕೂಡಲೇ ಊದ್ತೀಯಲ್ಲ, ಅದೇ ತಪ್ಪು. ಒಂದು ಸುತ್ತು ತಿರುಗಿಸು, ಆಮೇಲೆ ಊದು" ಎಂದೆ.

"ಅಪ್ಪ ಇದನ್ನ ನನಗೆ ಹೇಳಲೇ ಇಲ್ಲ."

ಹೌದು, ಹೇಳಿರಲಿಲ್ಲ. ನನಗೆ ಹೇಳಿದ್ದ. ಅಪ್ಪ ಅವನ ಬುರುಡೆ ಡಬ್ಬಿಗೆ ಹಾಕಿದಾಗಲೆಲ್ಲ ನಾನು ಪಕ್ಕದಲ್ಲಿ ಕಿಸಕ್ಕನೆ ನಗುತ್ತಿದ್ದೆ. ಇವತ್ತು ನೆನಪಾಯಿತು.

ಅಕ್ಟೋಬರ್ 6

ಬಾಯಿ ತುಂಬ ಹುಣ್ಣು. ನೀರೂ ಉರಿ.

ಅಕ್ಟೋಬರ್ 7

ಇವತ್ತು ಬರೆಯಲಾಗುವುದಿಲ್ಲ.

ಅಕ್ಟೋಬರ್ 9

ಅತ್ತುಬಿಟ್ಟೆ. ಬಲಗಣ್ಣು ಹೇಗೂ ಸುರಿಯುತ್ತಲೇ ಇರುತ್ತದೆ, ಇವತ್ತು ಎಡಗಣ್ಣೂ ಸೇರಿಕೊಂಡಿತು. ಈ ಬಾಯಿ ಮತ್ತೆ ಊದುತ್ತದೆಂದು ನಂಬಿಕೆಯಿಲ್ಲ. ಆರ್ಡರ್ ಪುಸ್ತಕ ಎಸೆಯಬೇಕೆನಿಸಿತು. ನರ್ಸಮ್ಮ ಕೂತು ಹತ್ತಿ ಅದ್ದಿ ಅದ್ದಿ ತುಟಿ ಒರೆಸಿದಳು. "ನಿಮ್ಮ ಜಗ್ಗಿನ ಪಾಠ ಹೊಸ ನರ್ಸುಗಳಿಗೆಲ್ಲ ಹೇಳಿಕೊಟ್ಟಿದ್ದೀನಿ ಆಂಟೀ" ಎಂದಳು. ಡ್ಯೂಟಿ ಮುಗಿದರೂ ಹೋಗಲಿಲ್ಲ.

ಅಕ್ಟೋಬರ್ 27

ನಾಲ್ಕು ಸುತ್ತು ಮುಗಿಯಿತು. ಸ್ಕ್ಯಾನ್: ಹಗ್ಗ ಮತ್ತೆ ನೂಲಿನತ್ತ ಹೊರಟಿದೆ, ಅರ್ಧಕ್ಕಿಂತ ಕಡಿಮೆ ಉಳಿದಿದೆ! ನರಗಳ ಡಾಕ್ಟರು ತಾವೇ ವಾರ್ಡಿಗೆ ಬಂದು ಹೇಳಿದರು. ಮುಖ ಮಾತ್ರ ಹಾಗೇ ಇದೆ. ರೋಗ ಹೋದ ಮೇಲೂ ನರ ತನ್ನ ಪಾಡಿಗೆ ನಿಧಾನವಾಗಿ ಬರುತ್ತದೆ, ಬರದೆಯೂ ಇರಬಹುದು ಎಂದರು. ಹ್ಞೂಂ ಎಂದೆ.

ತಮ್ಮ ಸುರುಳಿ ಮುಗಿಸಿದ್ದಾನೆ. ಫೋಟೋ ಕಳಿಸಿದ. ಸುರುಳಿಯ ಮೂರನೇ ಸುತ್ತು ಒಂಚೂರು ಇಕ್ಕಟ್ಟು. ಬಿಡಿಸಲು ಹೇಳಿ ಒಡೆಸುವುದು ಬೇಡ, ನೀರು ಹರಿಯುತ್ತದೆ.

ನವೆಂಬರ್ 3

ಐದನೇ ಸುತ್ತು. ಅವನು ಹೊಸ ಬುರುಡೆ ತಂದ. ನಮ್ಮನೆಯವರು ರಸಮಟ್ಟ ಇಟ್ಟರು, ನರ್ಸಮ್ಮ ಕೈಕಟ್ಟಿ ನಿಂತಳು. ತಿರುಗಿಸಿದೆ: ಚುಕ್ಕೆ ಮೇಲೆ. ಮತ್ತೆ: ಎಡಕ್ಕೆ. ಮತ್ತೆ: ಕೆಳಗೆ. ಏಳು ಸಲ ತಿರುಗಿಸಿದೆ, ಏಳು ಸಲವೂ ಬೇರೆ ಬೇರೆ ಕಡೆ.

"ಸರಿ. ಇನ್ನೊಂದು ಮಾಡು" ಎಂದೆ.

ಅವನು ಕೈ ತೊಳೆದು ಬರುತ್ತೇನೆಂದು ಹೋದವನು ಕಾಲು ಗಂಟೆಯಾದರೂ ಬರಲಿಲ್ಲ. ಇವನಿಗೆ ಆಸ್ಪತ್ರೆಯ ಸೋಪು ಅಷ್ಟು ಇಷ್ಟವೇನೋ. ಬಂದಾಗ ಕಣ್ಣು ಕೆಂಪಗಿತ್ತು, ನೆಗಡಿ ಇದ್ದರೆ ವಾರ್ಡಿಗೆ ಬರಬೇಡ ಎಂದು ಬಯ್ದೆ.

ಡಿಸೆಂಬರ್ 8

ಆರೂ ಮುಗಿಯಿತು. ಬೆನ್ನಿನ ನೀರು ಶುದ್ಧ. ಸ್ಕ್ಯಾನ್ ಶುದ್ಧ. ಮೂರು ತಿಂಗಳಿಗೊಮ್ಮೆ ನೋಡುತ್ತಿರಬೇಕು, ಆದರೆ ಇವತ್ತಿಗೆ ಎಲ್ಲೂ ಇಲ್ಲ! ಎಲ್ಲೂ ಇಲ್ಲ ಎಂದು ಎರಡು ಸಲ ಬರೆಯಲು ಹಾಳೆ ಇದೆ, ಬರೆಯುತ್ತೇನೆ. ಎಲ್ಲೂ ಇಲ್ಲ!

ಡಾಕ್ಟರ ಮೇಜಿನ ಮೇಲೆ ನನ್ನ ಜುಲೈ 29ರ ಬುರುಡೆ ಪೆನ್ನುಗಳ ಪಕ್ಕದಲ್ಲೇ ಇದೆ. ವಾಲಿದ್ದನ್ನು ನಾಲ್ಕು ಜನರೆದುರು ಇಟ್ಟಿದ್ದಾರಲ್ಲ ಎಂದು ಮೊದಲಾಗಿದ್ದರೆ ನಾಚಿಕೆಯಾಗುತ್ತಿತ್ತು. ಇರಲಿ ಬಿಡಿ ಎಂದೆ.

ಜನವರಿ 16

ನಮ್ಮನೆಯವರು ನನ್ನ ಒಳ್ಳೆಯ ಟವೆಲಿನಲ್ಲಿ ಲಿಫ್ಟಿನ ಗ್ರೀಸ್ ಒರೆಸಿದ್ದರು. ಬಾಯಿಗೆ ಬಂದ ಹಾಗೆ ಬಯ್ದೆ. ಬಯ್ಯಿಸಿಕೊಳ್ಳುತ್ತಿದ್ದವರು ಇದ್ದಕ್ಕಿದ್ದಂತೆ, "ಇನ್ನೊಂದು ಸಲ ಬಯ್ಯಿ!" ಎಂದರು.

"ಏನ್ರೀ ಆಯ್ತು ನಿಮಗೆ?"

"ಮೂಲೆ ಎದ್ದಿತು ಕಣೇ! ಬಲಗಡೆ ಮೂಲೆ! ಬಯ್ಯೇ, ಬಯ್ಯಿ!"

ಕೈ ಹಿಡಿದು ಕನ್ನಡಿಯ ಮುಂದೆ ಎಳೆದುಕೊಂಡು ಹೋದರು. ಬಯ್ದೆ. ಎದ್ದಿತು, ಕೂದಲೆಳೆಯಷ್ಟು. ಅವರು ನೆಲದ ಮೇಲೆ ಕೂತು ಗ್ರೀಸಿನ ಟವೆಲನ್ನೇ ಮುಖಕ್ಕೆ ಒತ್ತಿಕೊಂಡು ಅತ್ತರು. ಆಮೇಲೆ ಅವರ ಮುಖ ನೋಡಿ ನನಗೆ ನಗು ತಡೆಯಲಾಗಲಿಲ್ಲ.

ಫೆಬ್ರವರಿ 22

ನೀರು ಸೋರದೆ ಬಾಯಿ ಮುಕ್ಕಳಿಸಿದೆ. ಮೂರು ಸಲ.

ಮಾರ್ಚ್ 14

ಇವತ್ತು ಬೆಂಚಿಗೆ ಹೋದೆ.

ಕಂಡೆನ್ಸರ್ ಮೂಲೆಯಲ್ಲಿ ನಿಂತಿತ್ತು. ಸುರುಳಿ, ಒಳಕೊಳವೆ, ಹೊರಕೊಳವೆ, ಎಲ್ಲ ತಮ್ಮನದೇ. ಮೇಲಿನ ಬುರುಡೆಯಷ್ಟೇ ಬಾಕಿ. ನವೆಂಬರಿನಿಂದ ಹಾಗೇ ಇಟ್ಟಿದ್ದಾನೆ. "ನೀನೇ ಊದಬಹುದಿತ್ತಲ್ಲೋ, ನಿನಗೆ ಬರುತ್ತಲ್ಲ" ಎಂದೆ. "ಬರುತ್ತೆ. ಆದರೆ ಅದು ನಿಂದು" ಎಂದ. ಇಷ್ಟು ತಿಂಗಳು ಹೇಗೆ ಕಾದಿರಿ ಎಂದು ಕೇಳಿದ್ದಕ್ಕೆ ಕೆಮಿಸ್ಟ್ರಿ ಮೇಡಂ, "ನಿಮ್ಮ ತಮ್ಮ ಕೊಡಲೇ ಇಲ್ಲ ರೀ!" ಎಂದು ದೂರು ಹೇಳಿದರು.

ಮೊದಲು ಒಂದು ಪರೀಕ್ಷೆಯ ಬುರುಡೆ ಮಾಡೋಣ ಎಂದೆ. ಕೈಯಲ್ಲಿ ಮೊದಲಿನ ಬಲ ಇಲ್ಲ, ಬರ್ನರಿನ ಉರಿ ನೀನು ನೋಡಿಕೋ ಎಂದು ಅವನಿಗೆ ಹೇಳಿದೆ. ಬಣ್ಣದ ಕನ್ನಡಕ ಹಾಕಿಕೊಂಡೆ. ಕೊಳವೆ ಕೆಂಪಾಗಿ, ಆಮೇಲೆ ಕಿತ್ತಳೆಯಾಗಿ, ಮೆತ್ತಗಾಯಿತು. ಉರಿಯಿಂದ ತೆಗೆದೆ, ಒಂದು ಸುತ್ತು ತಿರುಗಿಸಿದೆ. ನಳಿಗೆಯನ್ನು ತುಟಿಯ ಎಡಮೂಲೆಗಲ್ಲ, ನಟ್ಟನಡುವೆ ಇಟ್ಟುಕೊಂಡೆ. ನಾಲಿಗೆಯನ್ನು ಕೆಳಗೆ ಮಲಗಿಸಿದೆ. ಊದಿದೆ.

ಬಲಗಡೆ ತುಟಿ ನಡುಗಿತು, ಆದರೆ ಹಿಡಿಯಿತು. ನಡುವೆ ಗಾಜು ಉಬ್ಬಿತು. ಅಯ್ಯೋ, ಅದನ್ನು ನೋಡಿ ಎಷ್ಟು ದಿನವಾಗಿತ್ತು!

ಆರಿದ ಮೇಲೆ ಪೆನ್ಸಿಲ್ ಅವನ ಕೈಗೆ ಕೊಟ್ಟೆ. ನನ್ನ ಬುರುಡೆಗೆ ನಾನೇ ಚುಕ್ಕೆ ಇಟ್ಟರೆ ಅದೇನು ಪರೀಕ್ಷೆ? ಅವನು ಚುಕ್ಕೆ ಇಟ್ಟು, ಅಪ್ಪನ ಕಂಬಿಗಳ ಮೇಲೆ ಕೂರಿಸಿ ಬೆರಳಿನಿಂದ ತಿರುಗಿಸಿದ. ಚುಕ್ಕೆ ಮೇಲೆ ನಿಂತಿತು. ಎರಡನೇ ಸಲ ಬಲಕ್ಕೆ. ಮೂರನೇ ಸಲ ಕೆಳಗೆ. ನಾಲ್ಕನೇ ಸಲ ಎಡಕ್ಕೆ. ಐದು, ಆರು, ಏಳು. ಒಂದು ಸಲ ನಿಂತ ಜಾಗದಲ್ಲಿ ಇನ್ನೊಂದು ಸಲ ನಿಲ್ಲಲಿಲ್ಲ.

ತಮ್ಮ ಬುರುಡೆಯನ್ನು ಎತ್ತಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಅಪ್ಪನೂ ಹಾಗೇ ನೋಡುತ್ತಿದ್ದ. ಆಮೇಲೆ ಅದನ್ನು ಒರೆಸಿ, ಒಳ್ಳೆಯ ಮಾಲು ಇಡುವ ಹಲಗೆಯ ಮೇಲೆ ಇಟ್ಟ.

"ಸರಿ. ಇನ್ನೊಂದು ಮಾಡು" ಎಂದ.

ಮಾಡಿದೆ.